ನಾಗವೇಣಿಯ ‘ಬಿಡು’

ಮುರುಗಲ ಹಣ್ಣು ಒಡೆಯಲು ಕೂತರೆ ಎರಡೂ ಕೈ ಮಣಿಕಟ್ಟಿನವರೆಗೆ ಕೆಂಪಾಗುತ್ತದೆ. ಎಷ್ಟು ತಿಕ್ಕಿದರೂ ಎರಡು ದಿನ ಆ ಬಣ್ಣ ಹೋಗುವುದಿಲ್ಲ. ದೇವರಿಗೆ ಕೈ ಮುಗಿದರೂ ಯಾರನ್ನೋ ಕೊಂದು ಬಂದು ಕ್ಷಮೆ ಕೇಳುವವಳ ಹಾಗೆ ಕಾಣುತ್ತೇನೆ ಎಂದು ನನ್ನ ಮನೆಯವರು ನಗೆಯಾಡುವುದುಂಟು. ಈ ಬೇಸಿಗೆಯ ಒಂದು ಸೋಮವಾರ ಹಿತ್ತಲ ಜಗಲಿಯಲ್ಲಿ ಕಾಲು ನೀಡಿ ಕೂತು, ಹಣ್ಣು ಒಡೆದು, ಬೀಜ ಬಿಡಿಸಿ, ಸಿಪ್ಪೆಗೆ ಉಪ್ಪು ಹಚ್ಚುತ್ತಿದ್ದೆ. ಮಳೆ ಬೀಳುವ ಮೊದಲು ಸಿಪ್ಪೆ ಒಣಗಬೇಕು. ಆ ಗಡಿಬಿಡಿಯಲ್ಲೇ ಬೇಲಿಯ ದಣಪೆಯ ಹೊರಗಿನಿಂದ ದನಿ ಬಂತು.

“ಅಕ್ಕೋರೇ, ಸೋಮಾರ ಮೀನ್ ತಕಂಡ್ ಬಂದೆ ಅಂದ್ಕಂಡ್ ಬೈಬೇಡಿ.”

ತೆಂಗಿನಗುಂಡಿಯ ಮಾದೇವಿ. ಮೂವತ್ತು ವರ್ಷಗಳಿಂದ ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಓಣಿಗೆ ಮೀನು ತರುವವಳು. ನಾನು ಸೋಮವಾರ ಒಪ್ಪೊತ್ತು ಮಾಡುವುದು, ಅಂದು ನಮ್ಮ ಮನೆಯ ಒಲೆಗೆ ಮೀನು ಏರದಿರುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕೈ ನೋಡಿ “ಅಯ್ಯಯ್ಯ, ಯಾರ್ನ ಕೊಂದ್ರಿ?” ಎಂದಳು. ನಗೆ ಮುಗಿದ ಮೇಲೆ ಮಗಳು ನಾಗವೇಣಿಯ ವಿಷಯಕ್ಕೆ ಬಂದಳು.

“ನಾಗೇಣಿ ಹೇಳ್ ಕಳ್ಸೀಳು. ಮುರ್ಡೇಶ್ವರದ ದಂಡಿ ಮೇಲೆ ಊರ್ ಹುಡ್ಗೀರ್ನೆಲ್ಲ ಕೂಡ್ಸ್ಕಂಡು ಚೆಂಡ್ ಆಡ್ಸ್ತೀಳು. ಹಳೇ ಬಲಿ ಹರ್ದು ನೆಟ್ ಕಟ್ಟೀಳಂತೆ. ಈಗ ಎಂತ ಆತು ಅಂದ್ರೆ, ಅದ್ರಾಗೆ ಇಬ್ರು ಹುಡ್ಗೀರು ಮಾತು ಬಿಟ್ಟಾರಂತೆ. ಇವ್ಳು ಬೈದ್ಲಂತೆ, ಹೊಡೂಕೂ ಹೋದ್ಲಂತೆ. ಆಗ್ಲಿಲ್ಲ. ಅಕ್ಕೋರ್ನ ಒಂದ್ ಸಲ ಕರ್ಕಂಡ್ ಬಾ ಅಂದೀಳು.”

“ನಾನೆಂತ ಮಾಡೂಕಾಗ್ತದೆ ಮಾದೇವಿ? ಮೊಣಕಾಲು ನೋಯ್ತದೆ. ಮುರುಗಲ ಬೇರೆ ಹರವಿದ್ದೇನೆ.”

“ಮಾತು ಬಿಟ್ಟೋರ್ನ ಮಾತಾಡ್ಸುದು ನಿಮ್ಗೆ ಗೊತ್ತಿದ್ದು ಅಂತ ಅವ್ಳು ಹೇಳ್ತೀಳು. ನಂಗೆಂತ ಗೊತ್ತು?” ಎಂದು ಅವಳು ಎಲೆಯಡಿಕೆಯ ಸಂಚಿ ಬಿಚ್ಚಿದಳು. ಉತ್ತರ ಸಿಗದೆ ಏಳುವುದಿಲ್ಲ ಎಂಬುದು ಅದರ ಅರ್ಥ.

ಮಾತು ಬಿಡುವುದು. ಈ ‘ಬಿಡು’ ಎಂಬ ಎರಡಕ್ಷರ ನನ್ನನ್ನು ಹಿಂದೊಮ್ಮೆ ಚೆನ್ನಾಗಿ ಆಟವಾಡಿಸಿದೆ. ಹನ್ನೆರಡು ವರ್ಷದ ಮೇಲಾಯಿತು. ಮಾದೇವಿ ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಅದೆಲ್ಲ ನನ್ನ ಕಣ್ಣ ಮುಂದೆ ಹಾದುಹೋಯಿತು. ನಿಮಗೆ ಹೇಳಲು ಸ್ವಲ್ಪ ಹೆಚ್ಚು ಹೊತ್ತು ಬೇಕು. ಹಣ್ಣು ಒಡೆಯುತ್ತಲೇ ಹೇಳುತ್ತೇನೆ.

ನಾನು ಹುಟ್ಟಿದ್ದು ಬೆಳಕೆಯಲ್ಲಿ, ಗದ್ದೆ ಮನೆಯಲ್ಲಿ. ಹತ್ತನೆಯವರೆಗೆ ಓದಿದ್ದು ಕುಮಟೆಯ ಸೋದರಮಾವನ ಮನೆಯಲ್ಲಿದ್ದುಕೊಂಡು. ಅಲ್ಲಿ ನನಗೆ ಪಾಠಕ್ಕಿಂತ ಚೆನ್ನಾಗಿ ಬಂದದ್ದು ವಾಲಿಬಾಲ್. ಮದುವೆಯಾಗಿ ಭಟ್ಕಳಕ್ಕೆ ಬಂದ ಮೇಲೆ ಆ ಸಂಗತಿಯನ್ನು ನಾನೇ ಮರೆತಿದ್ದೆ. ಮರೆಯದವರು ನನ್ನ ಮನೆಯವರು. ಅವರು ಅಂಚೆ ಕಚೇರಿಯ ಗುಮಾಸ್ತರು. ಊರಿನ ಕಾಗದವನ್ನೆಲ್ಲ ಗುಟ್ಟಾಗಿ ತಲುಪಿಸುವವರು, ಮನೆಯ ಗುಟ್ಟನ್ನು ಮಾತ್ರ ಇಟ್ಟುಕೊಳ್ಳಲಾರರು. ಒಂದು ಸಂಜೆ ಹೈಸ್ಕೂಲಿನ ಹೆಡ್‌ಮಾಸ್ತರರು ಚಹಾಕ್ಕೆ ಬಂದವರು, ಆಟದ ಮಾಸ್ತರರಿಗೆ ವರ್ಗವಾಯಿತು, ಹುಡುಗರನ್ನು ಹೇಗೋ ಸಂಭಾಳಿಸಬಹುದು, ಹೆಣ್ಣುಮಕ್ಕಳ ಟೀಮು ನಿಂತೇಹೋಗುತ್ತದೆ ಎಂದು ಹಲುಬಿದರು. “ನಮ್ಮನೇಲೇ ಒಬ್ಳು ಇದ್ದಾಳಲ್ಲ. ಕುಮಟೇಲಿ ಆಡಿದವ್ಳು,” ಎಂದುಬಿಟ್ಟರು ಇವರು. ಒಳಗೆ ನನ್ನ ಕೈಯಲ್ಲಿದ್ದ ಸೋಸುವ ಬಟ್ಟೆ ಹಾಗೇ ನಿಂತಿತು.

ಅತ್ತೆಯವರು ಒಂದು ವಾರ ಸುಮ್ಮನಿದ್ದರು. ಆಮೇಲೆ ಬಾವಿಕಟ್ಟೆಯಲ್ಲಿ ನೆರೆಯವರಿಗೆ ಕೇಳುವ ಹಾಗೆ, “ನಮ್ಮನೆ ಸೊಸಿ ಚೆಂಡ್ ಹೊಡೂಕ್ ಹೋಗ್ತೀಳು. ನಾವು ಈ ವಯ್ಸಲ್ಲಿ ಇದೊಂದ್ ಕಾಣುದ್ ಬಾಕಿ ಇತ್ತು,” ಎಂದರು. ಬೇಡ ಎನ್ನಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು ಎಂಬುದೊಂದೇ ಕರಾರು. ನನಗೂ ಅದೇ ಬೇಕಿತ್ತು. ದೀಪ ಹಚ್ಚಿದ ಮೇಲೆ, ಆ ದಿನ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಒಂದು. ಬಾವಿಯಲ್ಲಿ ಬಿದ್ದ ಕೊಡ ಸಿಕ್ಕಿತು, ಎರಡು. ದೊಡ್ಡ ಉಪಕಾರಗಳನ್ನು ಎಣಿಸಲು ಹೋಗುವುದಿಲ್ಲ, ಅವು ಅವನ ಲೆಕ್ಕ.

ಹೀಗೆ ನಾನು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಸಂಜೆ ಶಾಲೆಯ ಬಯಲಿಗೆ ಹೋಗತೊಡಗಿದೆ. ಹುಡುಗಿಯರು ‘ಅಕ್ಕೋರು’ ಎಂದು ಕರೆದರು. ನಮ್ಮ ಕಡೆ ಅಕ್ಕೋರು ಅಂದರೆ ಪಾಠ ಹೇಳುವ ಟೀಚರಮ್ಮ. ನಾನು ಹತ್ತನೆಯಲ್ಲಿ ಲೆಕ್ಕದಲ್ಲಿ ಕೂದಲೆಳೆಯಲ್ಲಿ ಪಾಸಾದವಳು. ಆದರೂ ಮೊದಲ ದಿನ ಆ ಹೆಸರು ಕೇಳಿ ಮನೆಗೆ ಬಂದು ಕನ್ನಡಿ ನೋಡಿಕೊಂಡದ್ದು ಸುಳ್ಳಲ್ಲ.

ಟೀಮಿನಲ್ಲಿ ಹೇಳಬೇಕಾದವರು ಇಬ್ಬರೇ. ಒಬ್ಬಳು ಈ ಮಾದೇವಿಯ ಮಗಳು ನಾಗವೇಣಿ. ಹತ್ತನೆ ತರಗತಿ, ಉದ್ದ ಕೈ, ಉದ್ದ ಜಡೆ. ನೆಟ್ಟಿನ ಮೇಲಕ್ಕೆ ಹಾರಿ ಚೆಂಡನ್ನು ಎದುರು ಪಾಳಯಕ್ಕೆ ಬಡಿದರೆ ಮರಳಿನಲ್ಲಿ ಕುಳಿ ಬೀಳುತ್ತಿತ್ತು. ಇನ್ನೊಬ್ಬಳು ಸುಮಿತ್ರೆ. ಬೆಳಕೆಯಿಂದ ಬಸ್ಸಿಗೆ ಬರುತ್ತಿದ್ದ ಗದ್ದೆ ಮನೆಯ ಹುಡುಗಿ, ಅಂದರೆ ನನ್ನ ತವರೂರಿನವಳು. ಅಚ್ಚುಕಟ್ಟು, ಮಿತಮಾತು. ಅವಳ ಕೆಲಸ ಲಿಫ್ಟ್ ಕೊಡುವುದು. ಹಿಂದಿನಿಂದ ಬಂದ ಚೆಂಡನ್ನು ಬೆರಳ ತುದಿಯಲ್ಲಿ ಹಿಡಿದಂತೆ ಮಾಡಿ, ಹೊಡೆಯುವವಳಿಗೆ ಹೂವಿನಂತೆ ಮೇಲಕ್ಕೆ ಎತ್ತಿಕೊಡಬೇಕು. ದೀಪಾವಳಿಯವರೆಗೆ ಆ ಕೆಲಸ ಮಾಡುತ್ತಿದ್ದವಳು ನಾಗವೇಣಿಯ ದೊಡ್ಡಪ್ಪನ ಮಗಳು. ಅವಳಿಗೆ ಮದುವೆಯಾಯಿತು, ಶಾಲೆ ಬಿಟ್ಟಳು, ಸುಮಿತ್ರೆ ಆ ಜಾಗಕ್ಕೆ ಬಂದಳು. ಅಲ್ಲಿಂದ ಶುರುವಾಯಿತು.

ಚೆಂಡು ಮೇಲೆ ಬರುತ್ತದೆ. ನಾಗವೇಣಿ ಓಡಿ ಬರುತ್ತ “ಬಿಡು!” ಎಂದು ಕೂಗುತ್ತಾಳೆ. ಸುಮಿತ್ರೆ ಎತ್ತಿದ ಕೈಗಳನ್ನು ಒಳಗೆ ಎಳೆದುಕೊಳ್ಳುತ್ತಾಳೆ. ಚೆಂಡು ಇಬ್ಬರ ನಡುವೆ ಹಣ್ಣಾದ ಹಲಸಿನ ಹಾಗೆ ದೊಪ್ಪೆಂದು ಬೀಳುತ್ತದೆ. ನಾಗವೇಣಿ ಗಾಳಿಯಲ್ಲಿ ಬರಿಗೈ ಬೀಸಿ ಇಳಿಯುತ್ತಾಳೆ. ದಿನಕ್ಕೆ ಹತ್ತು ಸಲ ಇದೇ.

“ಬಿಡು ಅಂದ್ರೆ ಕೈ ಒಳ್ಗ್ ಎಳ್ಕಂತೀಯಲೆ! ಆ ಕೈ ಎಂತಕ್ ಇಟ್ಕಂಡೀಯೆ, ಉಂಬೂಕಾ?”

“ಬಿಡು ಅಂದೋಳು ನೀನು. ಬಿಟ್ಟೆ. ಬಿಟ್ಟದ್ದಕ್ಕೂ ಬೈತೀಯಲೆ, ನಿಂಗೆ ತಲೆ ಸಮ ಇದ್ದನಾ?”

ನೀವೇ ಹೇಳಿ, ಇದರಲ್ಲಿ ಯಾರ ತಪ್ಪು? ನನಗೂ ಆಗ ಸಂಶಯವಿರಲಿಲ್ಲ. ವಾಲಿಬಾಲಿನಲ್ಲಿ ‘ಬಿಡು’ ಅಂದರೆ ಮುಟ್ಟಬೇಡ ಅಂತಲೇ. ಚೆಂಡು ಗೆರೆಯಾಚೆ ಬೀಳುವ ಹಾಗಿದ್ದರೆ ನಾವೂ ಕುಮಟೆಯಲ್ಲಿ “ಬಿಡು, ಬಿಡು” ಎಂದೇ ಕೂಗುತ್ತಿದ್ದೆವು. ಸುಮಿತ್ರೆ ಬಿಟ್ಟದ್ದು ಸರಿ. ಅವಳು ನನ್ನ ತವರೂರಿನವಳು ಎಂಬುದೂ ತಕ್ಕಡಿಯಲ್ಲಿ ಒಂದು ಬೆರಳು ಇಟ್ಟಿರಬಹುದು, ಸುಳ್ಳೇಕೆ ಹೇಳಲಿ.

ಒಂದು ಸಂಜೆ ಜಗಳ ಜಡೆಗೆ ಕೈ ಹಾಕುವವರೆಗೆ ಹೋಯಿತು. ಉಳಿದ ಹುಡುಗಿಯರು ಎರಡು ಪಾಳಯವಾಗಿ ನಿಂತಿದ್ದರು. ಬೇಲಿಯಾಚೆ ದಾರಿಹೋಕರು ನಿಂತು ನೋಡುತ್ತಿದ್ದರು. ನಾಗವೇಣಿಯ ದನಿ ಬಜಾರಿನವರೆಗೆ ಕೇಳುವಂತಿತ್ತು. ದೀಪದ ಹೊತ್ತು ಮೀರುತ್ತಿದೆ ಎಂಬ ಆತಂಕ ನನಗೆ ಬೇರೆ. ಎಲ್ಲರೆದುರಿಗೆ ನಾನು ಹೇಳಿದೆ: “ನಾಗವೇಣಿ, ಕಡಲ ದಂಡೆಯ ಗಂಟಲು ಇಲ್ಲಿ ತೋರಿಸಬೇಡ.”

ಅವಳು ನನ್ನನ್ನು ನೋಡಿದಳು. ಜಗಳಕ್ಕೆ ಬಂದ ನೋಟವಲ್ಲ. ಪುಸ್ತಕದ ಚೀಲ ಎತ್ತಿಕೊಂಡು ಹೊರಟುಹೋದಳು. ಆ ದಿನ ದೇವರ ಮುಂದೆ ಕೂತು ಬೆರಳು ಮಡಚಲು ನೋಡಿದೆ. ಜಗಳ ನಿಂತಿತು ಎಂದು ಒಂದು ಮಡಚಿದೆ. ಮತ್ತೆ ಬಿಚ್ಚಿದೆ.

ಮರುದಿನ ನಾಗವೇಣಿ ಆಟಕ್ಕೆ ಬರಲಿಲ್ಲ. ಶಾಲೆಗೂ ಬರಲಿಲ್ಲ. ಮೂರನೆಯ ದಿನ ಗೊತ್ತಾಯಿತು, ಮಾದೇವಿ ನಮ್ಮ ಓಣಿಗೂ ಬರುತ್ತಿಲ್ಲ. ಆಚೆ ಓಣಿಗೆ ಬಂದು, ನಮ್ಮ ದಣಪೆಯ ಎದುರು ಬರದೆ, ಬಾವಿಯ ಹಿಂದಿನ ದಾರಿಯಲ್ಲಿ ಹೋಗುತ್ತಾಳಂತೆ. ಅತ್ತೆಯವರಿಗೆ ಮೀನಿಲ್ಲದ ಊಟ ಒಂದು ದಿನ ವ್ರತ, ಎರಡನೆಯ ದಿನ ಶಿಕ್ಷೆ. ಐದನೆಯ ದಿನ ಬಸಳೆ ಸೊಪ್ಪಿನ ಸಾರನ್ನು ಬೆರಳಿನಿಂದ ಕಲಕುತ್ತ, “ಮಾದೇವಿಗೆ ಎಂತ ಅಂದೆ ನೀನು?” ಎಂದರು.

“ನಾನೆಂತ ಅನ್ಲಿಲ್ಲ. ಅವಳ ಮಗಳಿಗೆ ಅಂದೆ.”

“ಎರಡೂ ಒಂದೇ.”

ನನ್ನ ಮನೆಯವರು ಬೇರೆ ಸುದ್ದಿ ತಂದರು. ನಾಗವೇಣಿ ತಾಯಿಯ ಸಂಗಡ ಮೀನಿನ ಬುಟ್ಟಿ ಹೊತ್ತು ಪೇಟೆಯಲ್ಲಿ ಕಂಡಳಂತೆ. ಹೆಡ್‌ಮಾಸ್ತರರನ್ನು ಕೇಳಿದೆ. ಅವರು ಹಾಜರಿ ಪುಸ್ತಕ ತೆರೆದು ತೋರಿಸಿದರು. “ಏಳು ದಿನವಾಯಿತು. ಹತ್ತು ದಿನ ಕಾಯುತ್ತೇನೆ. ಆಮೇಲೆ ಹೆಸರು ಹೊಡೆದುಹಾಕಲೇಬೇಕು, ನನ್ನ ಕೈಯಲ್ಲಿಲ್ಲ. ಒಮ್ಮೆ ಹೆಸರು ಹೊಡೆದ ಹುಡುಗಿಯನ್ನು ಮತ್ತೆ ಕಳಿಸಿದ ಮನೆ ನಾನು ಕಂಡಿಲ್ಲ.” ಮುಂದೆ ಕುಮಟೆಯಲ್ಲಿ ನಡೆಯಬೇಕಿದ್ದ ಶಾಲೆಗಳ ಪಂದ್ಯದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪಂದ್ಯ ಹಾಳಾಗಲಿ, ನನ್ನ ಒಂದು ಮಾತಿಗೆ ಒಂದು ಹುಡುಗಿಯ ಓದು ಹೋಗುವುದರಲ್ಲಿತ್ತು. ಪರೀಕ್ಷೆಗೆ ಮೂರೇ ತಿಂಗಳಿತ್ತು.

ಭಾನುವಾರ ಕಳೆದು ಸೋಮವಾರ ಬಂತು. ಮುರ್ಡೇಶ್ವರದ ಈಶ್ವರನಿಗೆ ಮನೆಯಿಂದಲೇ ಕೈ ಮುಗಿದು, ಒಂದು ಬಾಳೆಹಣ್ಣು ತಿಂದು, ಕೊಡೆ ಹಿಡಿದು ತೆಂಗಿನಗುಂಡಿಗೆ ನಡೆದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ‘ಹಿರಿಯರು ಒಂದು ಮಾತು ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬಾರದು’ ಎಂಬಲ್ಲಿಂದ ಶುರು. ನೋಡಿ, ತಪ್ಪು ಒಪ್ಪಲು ಹೊರಟವಳ ಪೀಠಿಕೆ ಇದು.

ದಂಡೆಯಲ್ಲಿ ನನ್ನ ಪೀಠಿಕೆ ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ರಂಪಣಿ ಹಾಕುತ್ತಿದ್ದರು. ರಂಪಣಿ ಎಂದರೆ ಊರಿಗೆ ಊರೇ ನಿಂತು ಎಳೆಯುವ ದೊಡ್ಡ ಬಲೆ. ಬಲೆಯ ಒಂದು ತುದಿಯ ಹಗ್ಗ ದಂಡೆಯಲ್ಲಿರುತ್ತದೆ. ದೋಣಿ ಉಳಿದ ಬಲೆಯನ್ನು ಹೊತ್ತು ಕಡಲಿನಲ್ಲಿ ದೊಡ್ಡ ಬಿಲ್ಲಿನಂತೆ ಸುತ್ತಿ, ಇನ್ನೊಂದು ತುದಿಯನ್ನು ದೂರದಲ್ಲಿ ದಂಡೆಗೆ ತರುತ್ತದೆ. ದೋಣಿ ಆಗಷ್ಟೇ ಹೊರಟಿತ್ತು. ಅದರ ಮೂತಿಯಲ್ಲಿ ನಿಂತ ಮುದುಕ ನೀರಿನ ಬಣ್ಣ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಕೈ ಎತ್ತಿ ಕೂಗಿದ:

“ಬಿಡು!”

ನಾನು ನಿಂತಲ್ಲೇ ನಿಂತೆ. ದೋಣಿಯಲ್ಲಿದ್ದವರಲ್ಲಿ ಒಬ್ಬನೂ ಕೈ ಒಳಗೆ ಎಳೆದುಕೊಳ್ಳಲಿಲ್ಲ. ಎಂಟು ಜೊತೆ ಕೈಗಳು ಒಟ್ಟಿಗೆ ಮುಂದೆ ಬಂದವು. ಮಡಿಕೆ ಮಡಿಕೆಯಾಗಿದ್ದ ಬಲೆ ಆ ಕೈಗಳಿಂದ ಜಾರಿ ನೀರಿಗೆ ಇಳಿಯಿತು. “ಬಿಡು… ಬಿಡು… ಬಿಡು…” ಎಂದು ಮುದುಕ ಹಾಡಿದಂತೆ ಕೂಗುತ್ತಲೇ ಇದ್ದ. ಒಂದೊಂದು ಕೂಗಿಗೆ ಒಂದೊಂದು ಮಡಿಕೆ. ಕೂಗು ಒಂದು ಉಸಿರು ತಡವಾದರೆ ಮೀನು ಹೋಯಿತು, ಬೇಗವಾದರೆ ಬಲೆ ಗಂಟಾಯಿತು.

ಹಗ್ಗದ ತುದಿಯಲ್ಲಿ, ಮಂಡಿಯವರೆಗೆ ನೀರಿನಲ್ಲಿ, ನಾಗವೇಣಿ ನಿಂತಿದ್ದಳು. ನನ್ನನ್ನು ಕಂಡು ಮುಖ ಆಚೆ ಮಾಡಿದಳು. ನಾನು ಬಾಯಿಪಾಠವನ್ನೆಲ್ಲ ಮರೆತೆ.

“ನಾಗವೇಣಿ, ನೀನು ಸುಮಿತ್ರೆಗೆ ಬಿಡು ಅಂದ್ರೆ, ಇದೇ ‘ಬಿಡು’ವಾ?”

“ಮತ್ಯಾವ್ದು?” ಎಂದಳು. “ಬಿಡು ಅಂದ್ರೆ ಬಿಡುದು. ನಾ ಬಂದೆ, ಈಗ ಕೈಯಿಂದ ಕಳ್ಸು ಅಂತ. ನಮ್ಮ ದೊಡ್ಡಪ್ಪನ ಮಗ್ಳಿಗೆ ತಿಳೀತಿತ್ತು. ಬೆಳಕೆಯೋರಿಗೆ ತಿಳೀದಿಲ್ಲ ಅಂತ ನಂಗೆಂತ ಗೊತ್ತು? ಬೇಕಂದೇ ಕೈ ಎಳ್ಕಂತೀಳು, ಮೀನ್ ನಾತ ಅಂತ ಮಾಡ್ತೀಳು ಅಂದ್ಕಂಡೆ.”

ಅಲ್ಲಿಯವರೆಗೆ ಅವಳ ಮನಸ್ಸಿನಲ್ಲಿ ಏನಿತ್ತು ಎಂದು ನನಗೆ ಆಗ ತಿಳಿಯಿತು. ನಾನು ಅದರ ಮೇಲೆ ಕಡಲ ದಂಡೆಯ ಗಂಟಲಿನ ಮಾತನ್ನೂ ಇಟ್ಟಿದ್ದೆ.

“ನಾನು ಅಂದದ್ದು ತಪ್ಪಾಯ್ತು,” ಎಂದೆ. ಪೀಠಿಕೆ ಇಲ್ಲದೆ ಹೇಳಿದರೆ ಎಷ್ಟು ಚಿಕ್ಕ ಮಾತು ಅದು.

ಹಿಂದಿನಿಂದ ಮಾದೇವಿ ಹೇಳಿದಳು. “ಇವ್ಳ ಗಂಟ್ಲು ಇಲ್ದಿದ್ರೆ ಇವ್ಳ ಅಪ್ಪ ಇರ್ತಿರ್ಲಿಲ್ಲ ಅಕ್ಕೋರೆ. ಎರ್ಡ್ ವರ್ಷದ ಹಿಂದೆ ಮಂಜು ಬಿದ್ದು ದಂಡಿ ಕಾಣ್ದೆ ದೋಣಿ ಕಲ್ಲಿನ್ ಬದಿಗೆ ಹೋಗ್ತಿತ್ತು. ಇದು ಇಲ್ಲಿ ನಿಂತು ಒಂದೇ ಸಮ ಕೂಗ್ತು, ಅಪ್ಪಾ ಈ ಬದಿಗೆ, ಈ ಬದಿಗೆ ಅಂತ. ದನಿ ಹಿಡ್ಕಂಡ್ ಬಂದ್ರು. ನೀವು ಅದ್ನೇ ಆಡಿದ್ರಿ. ಅದ್ಕೇ ಹೊಟ್ಟಿಗ್ ಹತ್ತಿತು.”

ಅಷ್ಟರಲ್ಲಿ ಎಳೆಯುವ ಹೊತ್ತು ಬಂತು. ಎಲ್ಲರೂ ಹಗ್ಗಕ್ಕೆ ಕೈ ಹಾಕಿದರು. ಸುಮ್ಮನೆ ನಿಂತು ನೋಡುವುದು ಸರಿ ಕಾಣದೆ ನಾನೂ ಕೊಡೆಯನ್ನು ಮರಳಿಗೆ ಚುಚ್ಚಿ, ನಾಗವೇಣಿಯ ಹಿಂದೆ ನಿಂತು ಹಿಡಿದೆ. ನನ್ನಿಂದ ಆದ ಉಪಕಾರ ಅಷ್ಟರಲ್ಲೇ ಇತ್ತು. ನಾನು ಎಳೆದೆನೋ ಹಗ್ಗ ನನ್ನನ್ನು ಎಳೆಯಿತೋ ದೇವರಿಗೇ ಗೊತ್ತು. ಸೀರೆ ಸೊಂಟದವರೆಗೆ ಒದ್ದೆ, ಅಂಗೈ ಉರಿ. ಎರಡು ಸಲ ಬೀಳುವುದರಲ್ಲಿದ್ದೆ. ಎರಡನೆಯ ಸಲ ನಾಗವೇಣಿ ಹಿಂದೆ ತಿರುಗದೆಯೇ, “ಅಕ್ಕೋರೆ, ಹಿಮ್ಮಡಿ ಊರಿ,” ಎಂದಳು. ಇಷ್ಟು ದಿನಗಳಲ್ಲಿ ಅವಳಾಗಿ ಆಡಿದ ಮೊದಲ ಮಾತು. ನಾನು ಹಿಮ್ಮಡಿ ಊರಿದೆ.

ಬಲೆ ಮೇಲೆ ಬಂದಾಗ ಬೆಳ್ಳಿ ಸುರಿದಂತೆ ಬಂಗಡೆ. ಹಗ್ಗ ಮುಟ್ಟಿದವರಿಗೆಲ್ಲ ಪಾಲು ಎಂಬುದು ಅಲ್ಲಿಯ ಕಟ್ಟು. ಮುದುಕ ನನ್ನ ಮುಂದೆಯೂ ಹನ್ನೆರಡು ಬಂಗಡೆ ಎಣಿಸಿ ಹಾಕಿದ.

“ನನಗೆ ಬೇಡ, ಇವತ್ತು ಸೋಮವಾರ,” ಎಂದೆ.

“ಸೋಮಾರ ನಿಮ್ಗೆ. ಹಗ್ಗಕ್ಕೆಂತ ಸೋಮಾರ?” ಎಂದ ಅವನು. “ಮುಟ್ಟಿದೋರು ಪಾಲು ಬಿಟ್ ಹೋಗೂಕಿಲ್ಲ. ಬಿಟ್ರೆ ನಾಳೆ ಬಲಿಗೆ ಬೀಳುದಿಲ್ಲ.”

ನಾಗವೇಣಿ ಬಾಯಿಗೆ ಕೈ ಒತ್ತಿ ನಗುತ್ತಿದ್ದಳು. ಒಪ್ಪೊತ್ತಿನ ದಿನ ನಾನು ಹನ್ನೆರಡು ಬಂಗಡೆಯನ್ನು ಕೊಡೆಯಲ್ಲಿ ಕಟ್ಟಿಕೊಂಡು ಪೇಟೆಯ ನಡುವೆ ನಡೆದು ಬಂದೆ. ಬೆಕ್ಕುಗಳು ಹಿಂಬಾಲಿಸಿದವು. ಅತ್ತೆಯವರು ದಣಪೆಯಲ್ಲೇ ನಿಂತಿದ್ದರು. ಕೊಡೆಯೊಳಗೆ ಬಗ್ಗಿ ನೋಡಿದರು. ಈಶ್ವರನ ಪಟದ ಕಡೆಗೊಮ್ಮೆ ನೋಡಿದರು. “ಉಪ್ಪಿಗ್ ಹಾಕು,” ಎಂದರು. “ನಾಳೆ ಮಂಗಳವಾರ.” ಆ ಮಂಗಳವಾರ ಅವರು ಎರಡು ಸಲ ಅನ್ನ ಹಾಕಿಸಿಕೊಂಡರು.

ಅದೇ ಮಂಗಳವಾರ ನಾಗವೇಣಿ ಶಾಲೆಗೆ ಬಂದಳು. ಹಾಜರಿ ಪುಸ್ತಕದಲ್ಲಿ ಎಂಟು ಸೊನ್ನೆಗಳ ಮುಂದೆ ಒಂದು ಗೀಟು ಬಿತ್ತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸುಮಿತ್ರೆ ಇದ್ದಳಲ್ಲ.

“ಅವಳ ಭಾಷೆ ನಂಗೆ ತಿಳೀದಿದ್ದದ್ದು ನನ್ನ ತಪ್ಪಾ?” ಎಂದಳು. “ಉಂಬೂಕೆ ಕೈ ಇಟ್ಕಂಡೀಯಾ ಅಂತ ಎಲ್ಲರೆದ್ರು ಕೇಳಿದ್ಲು. ಅದ್ಕೆಂತ?” ಅವಳದ್ದೂ ನ್ಯಾಯವೇ. ಒಬ್ಬಳಿಗೆ ಕ್ಷಮೆ ಕೇಳಿದರೆ ಇನ್ನೊಬ್ಬಳಿಗೆ ತಾನೇ ತಪ್ಪಿತಸ್ಥೆ ಎನಿಸುತ್ತದೆ. ಇದು ಮಕ್ಕಳಲ್ಲಿ ಮಾತ್ರವಲ್ಲ, ಓರಗಿತ್ತಿಯರಲ್ಲೂ ಹೀಗೆಯೇ. ಹೆಡ್‌ಮಾಸ್ತರರಾಗಿದ್ದರೆ ಇಬ್ಬರ ಕೈಯನ್ನೂ ಕುಲುಕಿಸುತ್ತಿದ್ದರು. ಕುಲುಕಿಸಿದ ಕೈ ಕುಲುಕುವಷ್ಟು ಹೊತ್ತಿಗೆ ಮಾತ್ರ.

ನಾನು ಹೇಳಿದೆ, “ಆತು. ಇವತ್ತು ಲಿಫ್ಟ್ ನಾನು ಕೊಡ್ತೇನೆ. ಸುಮಿತ್ರೆ ಕೂತು ನೋಡ್ಲಿ.” ಮಾತಿನ ಅರ್ಥ ಇಷ್ಟೇ, ಇದೇನು ಮಹಾ ಎಂದು ತೋರಿಸುವುದು. ಸೆರಗು ಬಿಗಿದು ನೆಟ್ಟಿನ ಬಳಿ ನಿಂತೆ. ಹಿಂದಿನಿಂದ ಚೆಂಡು ಬಂತು. ನಾಗವೇಣಿ ಓಡಿ ಬಂದಳು. “ಬಿಡು!” ಎಂದಳು. ಎಲ್ಲ ತಿಳಿದಿದ್ದೂ, ದಂಡೆಯಲ್ಲಿ ಕಣ್ಣಾರೆ ಕಂಡಿದ್ದೂ, ನನ್ನ ಕೈಗಳು ತಾವಾಗಿಯೇ ಒಳಗೆ ಹೋದವು. ಚೆಂಡು ನೇರ ನನ್ನ ನೆತ್ತಿಯ ಮೇಲೆ ಬಿತ್ತು. ತುರುಬು ಬಿಚ್ಚಿ, ಮುಡಿದಿದ್ದ ಅಬ್ಬಲಿಗೆ ಹೂವು ಬಯಲಿನ ತುಂಬ ಚೆಲ್ಲಿತು.

ಮೊದಲು ನಕ್ಕವಳು ಸುಮಿತ್ರೆ. ಮಿತಮಾತಿನವಳ ನಗೆ ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ಅವಳ ನಗೆ ನೋಡಿ ನಾಗವೇಣಿಗೂ ನಗೆ ಬಂತು. ಹೂವು ಹೆಕ್ಕಲು ಇಬ್ಬರೂ ಬಗ್ಗಿದರು. ಹೆಕ್ಕುತ್ತಿದ್ದ ಸುಮಿತ್ರೆ ಇದ್ದಕ್ಕಿದ್ದಂತೆ ಬಗ್ಗಿದಲ್ಲೇ ನಿಂತಳು.

“ಅಕ್ಕೋರೆ, ನಮ್ಮನೇಲಿ ಹಾಲು ಕರೆಯೂ ಹೊತ್ತಿಗೆ ಅಜ್ಜಿ ‘ಕರು ಬಿಡು’ ಅಂತಾಳೆ. ಅಂದ್ರೆ ಕರೂನ ಮುಟ್ಬೇಡ ಅಂತಲ್ಲ. ಹಗ್ಗ ಬಿಚ್ಚಿ ತಾಯಿ ಹತ್ರ ಕಳ್ಸು ಅಂತ. ಅದೂ ಇದೂ ಒಂದೇ ಅಲ್ದನಾ?”

ನಾನೂ ಅದೇ ಬೆಳಕೆಯಲ್ಲಿ, ಅದೇ ಮಾತು ಕೇಳುತ್ತ, ಎಷ್ಟು ಕರು ಬಿಟ್ಟಿದ್ದೆನೋ ಲೆಕ್ಕವಿಲ್ಲ. ನನಗೆ ಹೊಳೆದಿರಲಿಲ್ಲ. ಆ ಹುಡುಗಿಗೆ ಹೊಳೆಯಿತು.

“ಹಂಗಾರೆ ನಾನು ಕರು, ನೀನು ಅಜ್ಜಿ,” ಎಂದಳು ನಾಗವೇಣಿ.

“ನೀನು ಆಕಳು. ಚೆಂಡು ಕರು. ತಲೆ ಸಮ ಇದ್ದನಾ ನಿಂಗೆ?” ಎಂದಳು ಸುಮಿತ್ರೆ. ಈ ಸಲದ ‘ತಲೆ ಸಮ ಇದ್ದನಾ’ದಲ್ಲಿ ಮುಳ್ಳಿರಲಿಲ್ಲ. ಅಂದಿನಿಂದ ಚೆಂಡು ಕೆಳಗೆ ಬೀಳುವುದು ಕಡಿಮೆಯಾಯಿತು. ನಿಲ್ಲಲಿಲ್ಲ, ಕಡಿಮೆಯಾಯಿತು. ಬೈಗುಳವೂ ಹಾಗೆಯೇ. ನನಗೆ ಅಷ್ಟು ಸಾಕಿತ್ತು.

ಕುಮಟೆಯ ಪಂದ್ಯದ ಸಂಗತಿಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ನಿದ್ದೆ ಬರುವುದಿಲ್ಲ. ಹುಡುಗಿಯರನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ಸೋದರಮಾವನ ಮನೆಯ ಮಾಳಿಗೆಯಲ್ಲಿ ಇಳಿಸಿದೆ. ಮೊದಲ ಆಟ ಹೊನ್ನಾವರ ಕಡೆಯ ಹುಡುಗಿಯರೊಡನೆ. ಬಯಲಿನ ಸುತ್ತ ಜನವೋ ಜನ, ಗಲಾಟೆಯಲ್ಲಿ ನಮ್ಮ ಮಾತು ನಮಗೇ ಕೇಳದು. ನಾಗವೇಣಿಯ ಕೂಗು ಮಾತ್ರ ಎಲ್ಲವನ್ನೂ ಸೀಳಿಕೊಂಡು ಬರುತ್ತಿತ್ತು. ಸುಮಿತ್ರೆ ಕಣ್ಣು ಮೇಲಿಟ್ಟು ಆ ದನಿಯೊಂದನ್ನೇ ನಂಬಿ ಚೆಂಡು ಕಳಿಸುತ್ತಿದ್ದಳು. ಮಾದೇವಿಯ ಮಂಜಿನ ದಿನದ ಮಾತು ನೆನಪಾಗಿ ನಾನು ಸೆರಗಿನ ತುದಿ ಹಿಂಡುತ್ತ ಕೂತೆ.

ಅಲ್ಲೊಂದು ತಮಾಷೆ ನಡೆಯಿತು. ನಮ್ಮವಳು “ಬಿಡು!” ಎಂದು ಕೂಗಿದಾಗಲೆಲ್ಲ ಎದುರು ಪಾಳಯದ ಹಿಂದಿನ ಹುಡುಗಿಯರು, ತಮ್ಮವರೇ ಯಾರೋ ಹೇಳಿದರೆಂದು, ಬಂದ ಚೆಂಡನ್ನು ಮುಟ್ಟದೆ ಬಿಟ್ಟುಬಿಡುತ್ತಿದ್ದರು. ಗೆರೆಯೊಳಗೆ ಬಿದ್ದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾಲ್ಕೈದು ಸಲ ಹೀಗಾದ ಮೇಲೆ ಸೀಟಿ ಊದುವ ಮಾಸ್ತರರು ಆಟ ನಿಲ್ಲಿಸಿ, “ಇದೆಂತ ಕೂಗುದು ನೀವು? ಎದುರಿನವ್ರಿಗೆ ಮೋಸ ಆಗ್ತದೆ,” ಎಂದರು. ನಾಗವೇಣಿ ಬಾಯಿ ತೆರೆಯುವ ಮೊದಲೇ ಸುಮಿತ್ರೆ ಮುಂದೆ ಬಂದಳು.

“ಸರ್, ನಾವು ನಮ್ಮೋರಿಗೆ ಹೇಳುದು. ಅವ್ರು ಎಂತಕ್ ಕೇಳುದು?”

ಮಾಸ್ತರರೂ ನಕ್ಕರು. ಆ ಆಟ ಗೆದ್ದೆವು. ಮರುದಿನ ಕೊನೆಯ ಆಟ ಕುಮಟೆಯವರೊಡನೆ. ಅವರ ಪಾಳಯದಲ್ಲಿ ಕಪ್ಪಗೆ ತೆಳ್ಳಗಿನ ಒಬ್ಬಳಿದ್ದಳು. ಉಳಿದವರು ತಬ್ಬಿಬ್ಬಾದರೂ ಅವಳು ಆಗಲಿಲ್ಲ. ನಾಗವೇಣಿ “ಬಿಡು” ಎಂದ ಉಸಿರಿಗೇ ನೆಟ್ಟಿನ ಆಚೆ ಎರಡೂ ಕೈ ಎತ್ತಿ ಗೋಡೆಯ ಹಾಗೆ ನಿಲ್ಲುತ್ತಿದ್ದಳು. ಸೋತೆವು. ನಮ್ಮ ಹುಡುಗಿಯರಿಬ್ಬರೂ ಕೆಳಗೆ ಕೂತು, ಒಬ್ಬಳ ಹೆಗಲಿಗೆ ಒಬ್ಬಳು ತಲೆ ಕೊಟ್ಟು ಅತ್ತರು. ಆಮೇಲೆ ನಾಗವೇಣಿ ಕಣ್ಣೊರೆಸಿಕೊಂಡು ಎದ್ದು, ನೇರ ಆ ಹುಡುಗಿಯ ಬಳಿ ಹೋಗಿ ಕೇಳಿದಳು: “ನಿಮ್ದು ಯಾವ್ ದಂಡಿ?”

ಆ ಸಂಜೆ ಮಾವನ ಮನೆಯ ದೇವರ ಮುಂದೆ ಬೆರಳು ಮಡಚಲು ಕೂತರೆ ಒಂದು ಕೈ ಸಾಲಲಿಲ್ಲ. ಸೋತದ್ದನ್ನೂ ಒಂದು ಎಂದೇ ಎಣಿಸಿದೆ. ಗೆದ್ದಿದ್ದರೆ ಅವರು ಹೆಗಲಿಗೆ ತಲೆ ಕೊಡುತ್ತಿದ್ದರೋ ಇಲ್ಲವೋ.

ನಾಗವೇಣಿ ಹತ್ತನೆಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿದಳು. ಕೆಡಿಸಿದ್ದು ಲೆಕ್ಕ, ಅಕ್ಕೋರಂತೆ ಶಿಷ್ಯೆ. ಮುರ್ಡೇಶ್ವರಕ್ಕೆ ಮದುವೆಯಾಗಿ ಹೋಗಿ ಅಲ್ಲೇ ಬಾಲವಾಡಿಯಲ್ಲಿ ಮಕ್ಕಳಿಗೆ ಅಕ್ಕೋರಾಗಿದ್ದಾಳೆ. ಸುಮಿತ್ರೆ ಹೊನ್ನಾವರದಲ್ಲಿದ್ದಾಳೆ, ಮೂರು ಆಕಳು ಸಾಕಿದ್ದಾಳೆ. ತವರಿಗೆ ಹೋಗುವಾಗ ಮುರ್ಡೇಶ್ವರದಲ್ಲಿ ಇಳಿದು ಒಂದು ಹೊತ್ತು ಇದ್ದೇ ಹೋಗುವುದಂತೆ.

“ಎಂತ ಹೇಳ್ಲಿ ನಾಗೇಣಿಗೆ?” ಎಂದಳು ಮಾದೇವಿ. ಎಲೆಯಡಿಕೆ ಮುಗಿದಿತ್ತು.

ನನ್ನ ಬುಟ್ಟಿಯಲ್ಲಿ ಇನ್ನೂ ಅರ್ಧ ಹಣ್ಣು ಉಳಿದಿತ್ತು. ಕೈ ನೋಡಿಕೊಂಡೆ. “ಆ ಇಬ್ಬರು ಹುಡುಗಿಯರು ಆಡುವಾಗ ಎಂತ ಎಂತ ಕೂಗ್ತಾರೆ ಅಂತ ಕಿವಿಗೊಟ್ಟು ಕೇಳಿಡು ಅಂತ ಹೇಳು,” ಎಂದೆ. “ನಾನು ಬರೂವರೆಗೆ ಯಾರಿಗೂ ಬೈಬೇಡ ಅನ್ನು. ಬುಧವಾರ ಬೆಳಿಗ್ಗೆಯ ಬಸ್ಸಿಗೆ ಬರ್ತೇನೆ.”

“ಮೊಣಕಾಲು?”

“ಹಿಮ್ಮಡಿ ಊರಿದರೆ ಆಯ್ತು.”

ಮಾದೇವಿ ನಕ್ಕು, ಬುಟ್ಟಿಯ ಮೇಲಿನ ಎಲೆ ಸರಿಸಿ, ಆರು ಬಂಗಡೆ ಎತ್ತಿ ಜಗಲಿಯ ಮೇಲೆ ಸಾಲಾಗಿ ಇಟ್ಟಳು. ಇದು ಮಾರುವುದಲ್ಲ, ನಾಗವೇಣಿಯ ಮನೆಯ ದೋಣಿಯದ್ದು, ಪಾಲು ಎಂದಳು. ಇವತ್ತು ಸೋಮವಾರ ಎಂದು ನಾನು ಹೇಳಲಿಲ್ಲ. ಅವಳು ಬುಟ್ಟಿ ತಲೆಗೇರಿಸಿ ದಣಪೆ ದಾಟಿದಳು. ಮುರುಗಲಕ್ಕೆಂದು ಇಳಿಸಿದ್ದ ಉಪ್ಪಿನ ಭರಣಿ ಪಕ್ಕದಲ್ಲೇ ಇತ್ತು. ಕೆಂಪು ಕೈ ತೊಳೆದು, ಬೆಕ್ಕು ಬರುವ ಮೊದಲು ಮೀನು ಸೀಳಿ, ಒಂದೊಂದರ ಹೊಟ್ಟೆಗೂ ಒಂದೊಂದು ಹಿಡಿ ಉಪ್ಪು ತುಂಬಲು ಕೂತೆ.